ಮೂಲೆಯ ಇರಾನಿ

ಮುಂಬಯಿಯಲ್ಲಿ ಯಾರಿಗಾದರೂ ದಾರಿ ಹೇಳಬೇಕಾದರೆ ಒಂದು ಕಾಲಕ್ಕೆ ಬೀದಿಯ ಹೆಸರಾಗಲಿ ಕಟ್ಟಡದ ಸಂಖ್ಯೆಯಾಗಲಿ ಬೇಕಾಗುತ್ತಿರಲಿಲ್ಲ. "ಇರಾನಿಯ ಹತ್ತಿರ ಎಡಕ್ಕೆ ಹೊರಳಿ" ಎಂದರೆ ಸಾಕು, ಊರಿನಿಂದ ನಿನ್ನೆ ಬಂದಿಳಿದವನೂ ಸರಿಯಾಗಿ ಮನೆ ಮುಟ್ಟುತ್ತಿದ್ದ. ಈಗ ಅದೇ ಮೂಲೆಯಲ್ಲಿ ಔಷಧಿಯ ಅಂಗಡಿಯೋ, ಬ್ಯಾಂಕೋ, ಮೊಬೈಲು ಮಾರುವವನೋ ಕುಳಿತಿದ್ದಾನೆ. ಹಳಬರು ಮಾತ್ರ ಇನ್ನೂ "ಇರಾನಿಯ ಹತ್ತಿರ" ಎಂದೇ ಹೇಳುತ್ತಾರೆ. ಹೊಸಬರು ಇಲ್ಲದ ಇರಾನಿಯನ್ನು ಹುಡುಕುತ್ತ ಎರಡು ಸುತ್ತು ಹೊಡೆಯುತ್ತಾರೆ.

ಇರಾನಿಗಳೂ ಪಾರಸಿಗಳೂ ಒಂದೇ ಎಂದು ನಮ್ಮವರಲ್ಲಿ ಅನೇಕರು ತಿಳಿದಿದ್ದಾರೆ. ಧರ್ಮವೇನೋ ಬಹುಮಟ್ಟಿಗೆ ಒಂದೇ, ಜರಥುಷ್ಟ್ರನದು. ಬಂದ ಕಾಲ ಬೇರೆ. ಪಾರಸಿಗಳು ಸಾವಿರ ವರ್ಷಕ್ಕೂ ಹಿಂದೆ ಗುಜರಾತಿನ ಕರಾವಳಿಗೆ ಬಂದು ನೆಲೆಯಾದವರು. ಇರಾನಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯದರ ಮೊದಲಿಗೂ ಯಜ್ದ್, ಕೆರ್ಮಾನ್ ಕಡೆಯಿಂದ ಬಡತನವನ್ನೂ ಕಿರುಕುಳವನ್ನೂ ತಾಳಲಾರದೆ ಹೊರಟು ಬಂದವರು. ಕೈಯಲ್ಲಿ ಬಂಡವಾಳ ಕಡಿಮೆ, ಬಾಯಲ್ಲಿ ಈ ಊರಿನ ಭಾಷೆ ಇಲ್ಲ. ನಮ್ಮ ದಕ್ಷಿಣ ಕನ್ನಡದ ಹುಡುಗ ಹಡಗು ಹತ್ತಿ ಬಂದದ್ದು ಇದಕ್ಕಿಂತ ಬಹಳ ಬೇರೆಯ ಸ್ಥಿತಿಯಲ್ಲೇನೂ ಅಲ್ಲ. ಮೂಲೆಯ ಮಳಿಗೆ ಶುಭವಲ್ಲವೆಂದು ಬೇರೆ ವ್ಯಾಪಾರಿಗಳು ಬಿಟ್ಟುಬಿಡುತ್ತಿದ್ದರಂತೆ. ಇರಾನಿಗೆ ಅಂಥ ಶಂಕೆ ಇರಲಿಲ್ಲ. ಎರಡು ಬೀದಿಗೂ ಬಾಗಿಲು, ಎರಡು ಕಡೆಯಿಂದಲೂ ಗಾಳಿ, ಎರಡು ಕಡೆಯಿಂದಲೂ ಗಿರಾಕಿ. ಶುಭವೆಂದರೆ ಇನ್ನೇನು ಬೇಕು?

ಧೋಬಿ ತಲಾವಿನ ಕಯಾನಿ 1904ರದು. ಗ್ರಾಂಟ್ ರೋಡ್ ನಿಲ್ದಾಣದ ಎದುರು ಬಿ. ಮೇರವಾನ್ ತೆರೆದದ್ದು 1914ರಲ್ಲಿ. ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ 1923ರದು. ಪುಣೆಯ ವಾಚಕರು ಡೆಕ್ಕನ್ ಜಿಮಖಾನಾದ ಗುಡ್‌ಲಕ್ ಬಿಟ್ಟೆನೆಂದು ಮುನಿಯಬಾರದು, ಅದು 1935ರದು. ಎಲ್ಲಿ ಹೋದರೂ ಠೀವಿ ಒಂದೇ: ಅಮೃತಶಿಲೆಯ ಮೇಜು, ಬಗ್ಗಿಸಿದ ಮರದ ಕಪ್ಪು ಕುರ್ಚಿ, ಗೋಡೆಗೆ ಆಳೆತ್ತರದ ಕನ್ನಡಿ, ಗಲ್ಲೆಯ ಮೇಲೆ ಬಿಸ್ಕತ್ತಿನ ಗಾಜಿನ ಭರಣಿಗಳ ಸಾಲು. ಪಕ್ಕದಲ್ಲೇ ಸಾಬೂನು, ಬೆಂಕಿಪೆಟ್ಟಿಗೆ, ಮೊಟ್ಟೆ. ಹುಡುಗನು ಚೀಟಿ ಬರೆಯುವವನಲ್ಲ. ನೀವು ಎದ್ದು ಗಲ್ಲೆಯ ಕಡೆ ನಡೆದಂತೆ ಹಿಂದಿನಿಂದಲೇ ಲೆಕ್ಕ ಕೂಗುತ್ತಿದ್ದ. ಗೋಡೆಯ ಮೇಲಿನ ಫಲಕದಲ್ಲಿ ಅದು ಮಾಡಬೇಡಿ, ಇದು ಮಾಡಬೇಡಿ ಎಂಬ ಆಜ್ಞೆಗಳ ಪಟ್ಟಿ. ಕಯಾನಿಯ ಎದುರಿಗಿದ್ದ ಬಾಸ್ತಾನಿಯ ಫಲಕವನ್ನು ಕಂಡು ನಿಸ್ಸಿಮ್ ಎಜೆಕಿಯೆಲ್ ಅವರು ಇಂಗ್ಲಿಷಿನಲ್ಲಿ ಒಂದು ಕವಿತೆಯನ್ನೇ ಕಟ್ಟಿದರು. ಬಾಸ್ತಾನಿ ಮುಚ್ಚಿ ವರ್ಷಗಳಾದವು. ಕವಿತೆ ಕಾಲೇಜಿನ ಪಾಠವಾಗಿ ಉಳಿದಿದೆ.

ಇಷ್ಟೆಲ್ಲ ಆಜ್ಞೆಗಳಿದ್ದರೂ "ಬೇಗ ಏಳಿ" ಎಂಬ ಒಂದು ಆಜ್ಞೆಯನ್ನು ಇರಾನಿ ಒತ್ತಿ ಹೇಳುತ್ತಿರಲಿಲ್ಲವೆಂದು ಬಲ್ಲವರು ಹೇಳುತ್ತಾರೆ. ನಾನು ಇದನ್ನು ಕೇಳಿದ್ದು ನಮ್ಮ ನೆರೆಯ ಶೆಟ್ಟರಿಂದ. ಅವರು ಕಾರ್ಕಳದ ಕಡೆಯಿಂದ 1962ರಲ್ಲಿ, 13ನೆಯ ವಯಸ್ಸಿಗೆ ಬಂದು ಕೋಟೆ ಭಾಗದ ಉಡುಪಿ ಹೋಟೆಲಿನಲ್ಲಿ ಮೇಜು ಒರೆಸಲು ನಿಂತವರು. ಹಗಲು ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ, ಮಲಗುವುದು ಅದೇ ಹೋಟೆಲಿನ ಮೇಜುಗಳ ಮೇಲೆ. ಮಧ್ಯಾಹ್ನ 3ರಿಂದ 5ರ ವರೆಗೆ ಬಿಡುವು. ಆ ಎರಡು ಗಂಟೆ ಎಲ್ಲಿ ಕಳೆಯುತ್ತಿದ್ದಿರಿ ಎಂದು ಕೇಳಿದೆ.

"ಮತ್ತೆಲ್ಲಿ ಮಾರಾಯರೆ, ಇರಾನಿಯಲ್ಲಿ. ನಮ್ಮ ಹೋಟೆಲಿನಲ್ಲಿ ನಮಗೇ ಕೂರಲಿಕ್ಕೆ ಜಾಗ ಇರಲಿಲ್ಲವಲ್ಲ!"

ಈ ಮಾತಿನಲ್ಲಿ ಎರಡು ವ್ಯಾಪಾರಗಳ ಭೇದ ಪೂರಾ ಇದೆ. ಉಡುಪಿ ಹೋಟೆಲು ನಡೆಯುವುದು ಕುರ್ಚಿ ಬರಿದಾಗುವ ವೇಗದಲ್ಲಿ. ತಿಂದವನು ಕೈ ತೊಳೆಯಲು ಏಳುವ ಮೊದಲೇ ಅವನ ಬೆನ್ನ ಹಿಂದೆ ಇನ್ನೊಬ್ಬ ನಿಂತಿರಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಅಗ್ಗದಲ್ಲಿ ಶುಚಿಯಾದ ಊಟ ಕೊಡುವುದಕ್ಕೆ ಬೇರೆ ಉಪಾಯವಿಲ್ಲ. ಇರಾನಿಯಾದರೋ ಗಲ್ಲೆಯ ಸಾಮಾನಿನಲ್ಲೂ ಬೇಕರಿಯ ಪಾವಿನಲ್ಲೂ ಲಾಭ ಹುಟ್ಟಿಸಿಕೊಂಡು ಒಳಗಿನ ಮೇಜನ್ನು ಒಂದು ಚಹಕ್ಕೆ ಬಿಟ್ಟುಕೊಡುತ್ತಿದ್ದ. ಹತ್ತು ಹನ್ನೆರಡು ಅಡಿಯ ಚಾಳಿನ ಕೋಣೆಯಲ್ಲಿ ಏಳೆಂಟು ಜನ ಇರುವಾಗ ಮನೆಯ ಗಂಡಸಿಗೆ ಪತ್ರಿಕೆ ಓದಲು, ಊರಿಗೆ ಕಾಗದ ಬರೆಯಲು, ಬಂದ ಭಾವಮೈದುನನೊಡನೆ ನಾಲ್ಕು ಮಾತಾಡಲು ಜಗಲಿ ಎಲ್ಲಿಂದ ಬರಬೇಕು? ಮೂಲೆಯ ಇರಾನಿಯೇ ಜಗಲಿ. ಹೆಂಗಸರಿಗೆ ಅಷ್ಟು ಸಲುಗೆ ಇರಲಿಲ್ಲವೆಂಬುದನ್ನೂ ಹೇಳಬೇಕು. 'ಫ್ಯಾಮಿಲಿ ರೂಮ್' ಎಂದು ಹಿಂದುಗಡೆ ಪರದೆ ಕಟ್ಟಿದ ಗೂಡುಗಳಿದ್ದವು. ಅಲ್ಲಿ ನಮ್ಮ ಅಜ್ಜಿಯರು ಹೋಗಿ ನಿರಾತಂಕವಾಗಿ ಕುಳಿತರೆಂದು ಯಾರೂ ಹೇಳಿದ್ದು ಕೇಳಿಲ್ಲ.

1950ರ ದಶಕದಲ್ಲಿ ಇಂಥ ಹೋಟೆಲುಗಳು ಈ ಊರಿನಲ್ಲಿ 300ಕ್ಕೂ ಮೇಲೆ ಇದ್ದವೆನ್ನುತ್ತಾರೆ. ಈಗ 40ರ ಒಳಗೇ ಎಣಿಸಿ ಮುಗಿಸಬೇಕು. ರುಚಿ ಕೆಟ್ಟು ಮುಚ್ಚಿದವು ಇದರಲ್ಲಿ ಹೆಚ್ಚಿಲ್ಲ. 1947ರ ಬಾಡಿಗೆ ಕಾಯಿದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಅಗ್ಗದ ಚಹ ಅಷ್ಟು ಕಾಲ ನಡೆದದ್ದೇ ಅದರ ಬಲದಿಂದ. ಆದರೆ ಅದೇ ಕಾಯಿದೆಯಿಂದ ಮಾಲಿಕನಿಗೆ ಕಟ್ಟಡದ ದುರಸ್ತಿಯಲ್ಲಿ ಆಸ್ಥೆ ಹೋಯಿತು. ತೊಲೆ ಬಾಗಿತು, ಗೋಡೆ ಬಿರಿಯಿತು, ಕಟ್ಟಡವೇ ಕೆಡವುವ ಪಟ್ಟಿಗೆ ಬಂತು. ಮೂಲೆಯ ಜಾಗಕ್ಕೆ ಬಂದ ಬೆಲೆಯ ಎದುರು ಚಹದ ಲಾಭ ಏನೇನೂ ಅಲ್ಲ. ಅನೇಕ ಅಂಗಡಿಗಳು ಪಾಲುದಾರಿಕೆಯವಾದ್ದರಿಂದ ಎರಡನೆಯ ಮೂರನೆಯ ತಲೆಮಾರಿಗೆ ವಾರಸುದಾರರು ಬೆಳೆದರು, ಪಾಲು ಸಣ್ಣದಾಯಿತು. ಗಿರಣಿಗಳ ಕೇರಿಯಲ್ಲಿ ಇನ್ನೊಂದು ಪೆಟ್ಟು ಬಿತ್ತು: 1982ರ ಜನವರಿ 18ರಂದು ಶುರುವಾದ ಮುಷ್ಕರದಲ್ಲಿ ಎರಡೂವರೆ ಲಕ್ಷದಷ್ಟು ಕೆಲಸಗಾರರು ಹೊರಗೆ ಬಂದರು, ಹೆಚ್ಚಿನವರು ತಿರುಗಿ ಒಳಗೆ ಹೋಗಲೇ ಇಲ್ಲ. ಪಾಳಿ ಮುಗಿಸಿ ಪಾವು ಚಹಕ್ಕೆ ಬರುವವನೇ ಇಲ್ಲವಾದ ಮೇಲೆ ಒಲೆ ಯಾರಿಗಾಗಿ ಉರಿಯಬೇಕು?

ಇನ್ನು ಮುಚ್ಚಿದ್ದು ಏನಾಯಿತು ಎಂಬಲ್ಲಿ ನಮ್ಮವರ ಕಥೆ ಬರುತ್ತದೆ. ಇರಾನಿಯ ಮೂಲೆಗಳನ್ನು ಕೊಂಡವರಲ್ಲಿ ನಮ್ಮ ಕರಾವಳಿಯ ಹೋಟೆಲಿಗರು ಕಡಿಮೆಯಿಲ್ಲ. ಶೆಟ್ಟರೇ 1984ರಲ್ಲಿ ಇಬ್ಬರು ಪಾಲುಗಾರರೊಡನೆ ಒಂದು ಮೂಲೆಯನ್ನು ಪಗಡಿ ಕೊಟ್ಟು ಹಿಡಿದರು. ಮೊದಲು ಇಡ್ಲಿ ದೋಸೆ. ಹತ್ತು ವರ್ಷದ ಮೇಲೆ ಅರ್ಧ ಭಾಗಕ್ಕೆ ಕಪ್ಪು ಗಾಜು ಹಾಕಿ 'ಪರ್ಮಿಟ್ ರೂಮ್'.

ಬೇರೆ ಊರಿನ ವಾಚಕರಿಗೆ ಈ ಹೆಸರು ವಿಚಿತ್ರವಾಗಿ ಕಾಣಬಹುದು. 1949ರ ಮುಂಬಯಿ ಪಾನನಿರೋಧ ಕಾಯಿದೆ ಕುಡಿತವನ್ನು ನಿಲ್ಲಿಸಿತು. ಆದರೆ ದೇಹಸ್ಥಿತಿಗೆ ಅಗತ್ಯವೆಂದು ತೋರಿಸಿದವರಿಗೆ ಪರವಾನಗಿ ಕೊಟ್ಟಿತು. ಪರವಾನಗಿದಾರನು ಕುಳಿತು ಸೇವಿಸುವ ಕೋಣೆಯೇ ಪರ್ಮಿಟ್ ರೂಮ್. 1960ರ ದಶಕದಿಂದ ನಿರ್ಬಂಧ ಸಡಿಲವಾಗುತ್ತ ಬಂತು, ಕಾಯಿದೆ ಮಾತ್ರ ಮಹಾರಾಷ್ಟ್ರದಲ್ಲಿ ಇಂದಿಗೂ ಇದೆ. ಕಾಗದದ ಪ್ರಕಾರ ಬಿಯರು ಕುಡಿಯುವವನಿಗೆ 21 ತುಂಬಿರಬೇಕು, ಬ್ರಾಂದಿಗೆ 25, ಜೇಬಿನಲ್ಲಿ ಪರವಾನಗಿ ಇರಬೇಕು. ಸರಕಾರಿ ಕಾಗದಗಳ ನಡುವೆ ದಿನಗಳೆಯುವ ನನಗೆ ಈ ಹೆಸರಿನ ಮೇಲೆ ಒಂದು ಬಗೆಯ ಗೌರವವೇ ಇದೆ. ನಿಷೇಧದ ಕಾಯಿದೆಯೇ ನಿಷಿದ್ಧ ವಸ್ತುವಿಗೆ ಕೋಣೆ ಕಟ್ಟಿಸಿಕೊಟ್ಟದ್ದು ಬೇರೆಲ್ಲಿ ಉಂಟು?

"ಇರಾನಿಯನ್ನು ಓಡಿಸಿದವರು ಶೆಟ್ಟರು ಅಂತ ಪತ್ರಿಕೆಯವರು ಬರೆಯುತ್ತಾರೆ, ಓದಿದ್ದೀರಾ?" ಎಂದೆ.

"ಓದಿದ್ದೇನೆ. ಅವನೇ ಬಂದು ಕೇಳಿದ್ದು. ಮಗ ಕೆನಡಾದಲ್ಲಿ, ಮಗಳು ಲಂಡನಿನಲ್ಲಿ, ಬೆಳಿಗ್ಗೆ 4 ಗಂಟೆಗೆ ಒಲೆ ಹಚ್ಚುವವರು ಯಾರು ಅಂತ. ಈಗ ನಾನು ಅದೇ ಮಾತು ಹೇಳುತ್ತಿದ್ದೇನೆ. ನನ್ನ ಮಗನಿಗೂ ಪುಣೆಯಲ್ಲಿ ಕಂಪ್ಯೂಟರಿನ ಕೆಲಸ."

ಪರ್ಮಿಟ್ ರೂಮಿನಲ್ಲಿ ದುಡ್ಡು ಬಂತು, ಹೌದು. ಮಕ್ಕಳ ಓದು, ಊರಿನ ದೈವಸ್ಥಾನದ ಜೀರ್ಣೋದ್ಧಾರ, ನಮ್ಮ ಸಂಘಗಳ ವಾರ್ಷಿಕೋತ್ಸವದ ಚಂದಾ ಎಲ್ಲವೂ ಅದರಿಂದ ನಡೆದವು, ನಾವು ಕೇಳದೆ ತೆಗೆದುಕೊಂಡೆವು. ಆ ವ್ಯಾಪಾರಕ್ಕೂ ಸುಖವಿರಲಿಲ್ಲ. ಕೆಲವರು ನೃತ್ಯದ ಬಾರಿಗೆ ಕೈಹಾಕಿದರು, 2005ರಲ್ಲಿ ಸರಕಾರ ಅದನ್ನು ನಿಷೇಧಿಸಿತು, ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು. 2017ರ ಏಪ್ರಿಲಿನಲ್ಲಿ ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಕೂಡದೆಂಬ ಸುಪ್ರೀಂ ಕೋರ್ಟಿನ ಆಜ್ಞೆ ಜಾರಿಗೆ ಬಂದು, ನಗರಗಳಿಗೆ ವಿನಾಯಿತಿ ಸಿಗುವ ತನಕ ಎಷ್ಟೋ ಬಾಗಿಲುಗಳು ಮುಚ್ಚಿದ್ದವು. 2020ರ ಮಾರ್ಚಿನ ಬೀಗದ ಕಥೆ ಎಲ್ಲರಿಗೂ ಗೊತ್ತಿದೆ. ಶೆಟ್ಟರ ಕಟ್ಟಡ ಈಗ ರಿಡೆವಲಪ್‌ಮೆಂಟಿಗೆ ಹೋಗಿದೆ. ಹೊಸ ಕಟ್ಟಡದಲ್ಲಿ ಅವರ ಪಾಲಿನ ಮಳಿಗೆಯನ್ನು ಚಿನ್ನದ ಮೇಲೆ ಸಾಲ ಕೊಡುವ ಕಂಪನಿಯೊಂದು ಈಗಲೇ ಬಾಡಿಗೆಗೆ ಕೇಳಿದೆ.

ಮುಂಬಯಿಯದಷ್ಟೇ ಕಥೆಯಲ್ಲ. ಚೆನ್ನೈಯ ಬಂಧುಗಳು ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಮರೆತಿರಲಾರರು. ನಮ್ಮ ಕಡಂದಲೆಯ ಕೆ. ಕೃಷ್ಣರಾಯರು ಮದರಾಸಿನಲ್ಲಿ ಕಟ್ಟಿ ಬೆಳೆಸಿದ ವುಡ್‌ಲ್ಯಾಂಡ್ಸಿನ ಶಾಖೆ ಅದು, 1962ರದು. ಮರದ ನೆರಳಿನಲ್ಲಿ ಕಾರು ನಿಲ್ಲಿಸಿದರೆ ತಟ್ಟೆ ಕಾರಿನ ಬಾಗಿಲಿಗೇ ಬರುತ್ತಿತ್ತು. ಕಾರಿಲ್ಲದವರು ಒಳಗೆ ಒಂದು ಕಾಫಿಯ ಮೇಲೆ ಅರ್ಧ ದಿನ ಕೂರುತ್ತಿದ್ದರು. ಔಷಧಿ ಕಂಪನಿಯ ಪ್ರತಿನಿಧಿಗಳಿಗೂ ಕೆಲಸ ಹುಡುಕುವ ಹುಡುಗರಿಗೂ ಅದೇ ಕಚೇರಿ. ನೆಲ ಸ್ವಂತದ್ದಲ್ಲ. 2008ರಲ್ಲಿ ಸರಕಾರ ಅದನ್ನು ಹಿಂದಕ್ಕೆ ಪಡೆಯಿತು, 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ತೆರೆಯಿತು. ಉದ್ಯಾನ ಚೆನ್ನಾಗಿದೆ, ಕೂರಬಹುದು. ಕಾಫಿ ಮಾತ್ರ ಇಲ್ಲ. ದಿಲ್ಲಿಯ ಕನಾಟ್ ಪ್ಲೇಸಿನ ಕಾಫಿ ಹೌಸನ್ನು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ ಕೆಡವಿದರು. ಈಗ ಅಲ್ಲಿ ಪಾಲಿಕಾ ಬಜಾರ್. ಹೈದರಾಬಾದಿನವರು ಸ್ವಲ್ಪ ಭಾಗ್ಯವಂತರು. ಅವರ ಇರಾನಿ ಚಹ ಗಟ್ಟಿಜೀವ. ಸಿಕಂದರಾಬಾದಿನ ಪ್ಯಾರಡೈಸ್ 1953ರ ಸಣ್ಣ ಚಹದ ಹೋಟೆಲಿನಿಂದ ಬಿರಿಯಾನಿಯ ಸಾಮ್ರಾಜ್ಯವಾಗಿ ಬೆಳೆದಿದೆ. ಅಲ್ಲಿ ಈಗ ಬಿರಿಯಾನಿ ತಿಂದವನು ಏಳಬೇಕು.

ಇಂಥದಕ್ಕೆ ಉಪಾಯವೇ ಇಲ್ಲವೆ ಎಂದು ಕೇಳುವವರಿಗೆ ಇಂಗ್ಲೆಂಡಿನ ಕಡೆ ನೋಡಬೇಕೆಂದು ಹೇಳುತ್ತೇನೆ. ಅಲ್ಲಿಯ ಬೀದಿಯ ಮೂಲೆಯಲ್ಲಿ ಪಬ್ಬು ಇರುತ್ತದೆ. ಕುಡಿತದ ಮನೆಯೆಂದು ನಾವು ತಿಳಿದರೂ ಅವರಿಗೆ ಅದು ಊರ ಜಗಲಿ. 2000ದಲ್ಲಿ ಬ್ರಿಟನ್ನಿನಲ್ಲಿ ಸುಮಾರು 60,000 ಇದ್ದವು, ಈಗ 45,000ದ ಆಸುಪಾಸು. ಅಲ್ಲಿಯೂ ಜಾಗದ ಬೆಲೆಯೇ ಪಬ್ಬನ್ನು ನುಂಗಿ ಮನೆಗಳನ್ನೂ ದಿನಸಿ ಅಂಗಡಿಗಳನ್ನೂ ಮಾಡುತ್ತಿದೆ. ಆದರೆ 2011ರ ಒಂದು ಕಾಯಿದೆಯಿಂದ, ಊರವರು ಅರ್ಜಿ ಕೊಟ್ಟು ತಮ್ಮ ಪಬ್ಬನ್ನು ಸಮುದಾಯದ ಬೆಲೆಯುಳ್ಳ ಆಸ್ತಿಯೆಂದು ಪಟ್ಟಿಗೆ ಸೇರಿಸಬಹುದು. ಮಾರುವುದಾದರೆ ಊರವರಿಗೆ ಹಣ ಕೂಡಿಸಲು ಕಾಲಾವಕಾಶ ಕೊಡಬೇಕು. ಲಂಡನಿನ ಕಾರ್ಲ್‌ಟನ್ ಟ್ಯಾವರ್ನ್ ಎಂಬುದನ್ನು 2015ರಲ್ಲಿ ಮಾಲಿಕರು ಅನುಮತಿಯಿಲ್ಲದೆ ಕೆಡವಿದರು. ನಗರಾಡಳಿತ ಬಿಡಲಿಲ್ಲ, ಇದ್ದಂತೆಯೇ ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿಕೊಡಿ ಎಂದು ಆಜ್ಞೆಮಾಡಿತು. 2021ರಲ್ಲಿ ಅದು ಮತ್ತೆ ತೆರೆಯಿತು. ನಮ್ಮಲ್ಲಿ ಇರಾನಿಯ ಮೂಲೆಗಾಗಿ ಯಾರಾದರೂ ಹೀಗೆ ಅರ್ಜಿ ಹಾಕಿದ್ದರೆ ಯಾವ ಕಚೇರಿಯ ಯಾವ ಮೇಜಿಗೆ ಹೋಗುತ್ತಿತ್ತೆಂದು ನಾನೇ ಹೇಳಲಾರೆ.

ನನ್ನ ಚಿಂತೆ ಬನ್ ಮಸ್ಕಾದ್ದಲ್ಲ, ಅದು ಎಲ್ಲಿಯಾದರೂ ಸಿಗುತ್ತದೆ. ಊರಿನಿಂದ ಹುಡುಗರೂ ಹುಡುಗಿಯರೂ ಇಂದಿಗೂ ಬರುತ್ತಿದ್ದಾರೆ. ಆರು ಜನ ಹಂಚಿಕೊಂಡ ಕೋಣೆಯಲ್ಲಿ ಮಂಚ ಒಂದೇ ಅವರದು. ಹೊಳೆಯುವ ಕಾಫಿ ಅಂಗಡಿಗೆ ಹೋದರೆ ಒಂದು ಬಟ್ಟಲಿಗೆ ಊಟದ ಎರಡರಷ್ಟು ಬೆಲೆ. ಹಾಗಾದರೆ ಕೆಲಸ ಬಿಟ್ಟು ಬಂದ ಸಂಜೆ ಒಂದು ತಾಸು ಎಲ್ಲಿ ಕೂರಬೇಕು? ನಮ್ಮ ಸಂಘದ ವಾಚನಾಲಯ ಸಂಜೆ 5ಕ್ಕೆ ತೆರೆದು 7ಕ್ಕೆ ಮುಚ್ಚುತ್ತದೆ. ಕಚೇರಿ ಬಿಟ್ಟು ಲೋಕಲ್ ಗಾಡಿಯಿಳಿದವರು ಏಳೂವರೆಗೆ ಮೊದಲು ಅಲ್ಲಿಗೆ ಮುಟ್ಟಲಾರರು. ಒಳಗೆ ಕುರ್ಚಿಗಳಿವೆ, ಬೀಸಣಿಗೆಯಿದೆ, ಮೂರು ಕನ್ನಡ ಪತ್ರಿಕೆಗಳು ಬರುತ್ತವೆ. ರಾತ್ರಿ 10ರ ತನಕ ತೆರೆದಿಡಬೇಕೆಂದೂ ಹೆಂಗಸರು ಗಂಡಸರೆನ್ನದೆ, ಸದಸ್ಯರು ಅಲ್ಲದವರೆನ್ನದೆ ಯಾರಾದರೂ ಬಂದು ಕೂರಬಹುದೆಂದೂ ಒಂದು ಸೂಚನೆಯನ್ನು ಕಾರ್ಯಕಾರಿ ಸಮಿತಿಗೆ ಕೊಟ್ಟಿದ್ದೇವೆ. ಅನುಮೋದಿಸಿದವರು ಶೆಟ್ಟರು. ಮೊದಲ ಆರು ತಿಂಗಳ ಚಹ ತಮ್ಮದೆಂದು ಹೇಳಿದ್ದಾರೆ. ಹಾಲು ಹೆಚ್ಚೋ ನೀರು ಹೆಚ್ಚೋ ಎಂಬುದನ್ನು ಕುಡಿಯುವವರು ಬಂದ ಮೇಲೆ ನೋಡೋಣವಂತೆ. ಬೀಗದ ಕೈ ಯಾರ ಬಳಿ ಇರಬೇಕೆಂಬುದೊಂದು ಇತ್ಯರ್ಥವಾಗದೆ ವಿಷಯ ಮುಂದಿನ ಸಭೆಗೆ ಹೋಗಿದೆ.