ಸಹಿ ಹಾಕಿಸುವ ಮುನ್ನ ರೋಗಿಯೊಡನೆ ಮಾತಾಡಲು ಬಿಡುವು ಕೊಡಿ

ಕರ್ನಾಟಕದ ಆರೋಗ್ಯ ಸಚಿವರಿಗೆ,

ಅರಿವಳಿಕೆ ತಜ್ಞೆಯಾಗಿ ಈ ಪತ್ರ ಬರೆಯುತ್ತಿದ್ದೇನೆ.

ಆಪರೇಷನ್ನಿಗೆ ಮುಂಚೆ ಏನೂ ತಿನ್ನಬಾರದು ಎಂದು ಎಲ್ಲರಿಗೂ ಹೇಳುತ್ತಾರೆ. ಏಕೆ ಎಂದು ಹೇಳುವವರು ಕಡಿಮೆ. ಹಾಗಾಗಿ ಮಗು ಅತ್ತಿತೆಂದು ಅಜ್ಜಿ ಬೆಳಗ್ಗೆ ಹಾಲು ಕುಡಿಸಿರುತ್ತಾರೆ. ಕೇಳಿದರೆ, ಆಪರೇಷನ್ ಮುಂದಕ್ಕೆ ಹೋದೀತೆಂಬ ಭಯಕ್ಕೆ "ಏನೂ ಕೊಟ್ಟಿಲ್ಲ ಮೇಡಂ" ಎನ್ನುತ್ತಾರೆ. ಪ್ರಜ್ಞೆ ತಪ್ಪಿದಾಗ ಗಂಟಲಿನ ಕಾವಲೂ ತಪ್ಪುತ್ತದೆ. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಇಷ್ಟು ತಿಳಿದಿದ್ದರೆ ಯಾವ ಅಜ್ಜಿಯೂ ಸುಳ್ಳು ಹೇಳುವುದಿಲ್ಲ. ಇನ್ನೊಂದು ಕಡೆ, ಹಿಂದಿನ ರಾತ್ರಿಯಿಂದ ಮಧ್ಯಾಹ್ನದವರೆಗೆ ಗುಟುಕು ನೀರೂ ಇಲ್ಲದೆ ಬಳಲುವ ವೃದ್ಧರಿದ್ದಾರೆ. ಊಟ, ಹಸುವಿನ ಹಾಲಿಗೆ ಕನಿಷ್ಠ ಆರು ಗಂಟೆಯ ಅಂತರ ಬೇಕು. ಬರೀ ನೀರಿಗೆ ಸಾಮಾನ್ಯವಾಗಿ ಎರಡು ಗಂಟೆ ಸಾಕು.

ಸಿಸೇರಿಯನ್ ಆದ ತಾಯಂದಿರು ಎಷ್ಟೋ ವರ್ಷಗಳ ನಂತರವೂ ಬೆನ್ನುನೋವಿಗೆ ಅಂದು ಬೆನ್ನಿಗೆ ಕೊಟ್ಟ ಅರಿವಳಿಕೆ ಇಂಜೆಕ್ಷನ್ನನ್ನೇ ದೂರುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಕೆಲವರಿಗೆ ತಲೆನೋವು ಬರುವುದೂ ಉಂಟು. ಆದರೆ ವರ್ಷಗಟ್ಟಲೆ ಕಾಡುವ ನೋವಿಗೆ ಅದು ಕಾರಣವೆನ್ನಲು ಆಧಾರವಿಲ್ಲ. ಬಸಿರೇ ಬೆನ್ನನ್ನು ದಣಿಸಿರುತ್ತದೆ. ಈ ಭಯಕ್ಕೆ "ಪೂರ್ತಿ ಮತ್ತು ಕೊಟ್ಟುಬಿಡಿ" ಎಂದು ಬೇಡುವವರನ್ನು ಕಂಡಾಗ ಸಂಕಟವಾಗುತ್ತದೆ. ಸಿಸೇರಿಯನ್‌ಗೆ ಬರುವ ಹೆಚ್ಚಿನ ಗರ್ಭಿಣಿಯರಿಗೆ ಬೆನ್ನಿನ ಇಂಜೆಕ್ಷನ್ನೇ ಕ್ಷೇಮ.

ಅರಿವಳಿಕೆ ಕೊಡುವವರೂ ವೈದ್ಯರೇ. ಎಂಬಿಬಿಎಸ್ ಮೇಲೆ ಮೂರು ವರ್ಷ ಅರಿವಳಿಕೆಯನ್ನೇ ಓದಿ ಎಂಡಿ ಮಾಡಿದವರು ನಾವು. ಉಸಿರು, ನಾಡಿ, ರಕ್ತದೊತ್ತಡ ನೋಡುತ್ತ ಕೊನೆಯ ಹೊಲಿಗೆಯವರೆಗೂ ತಲೆಯ ಬಳಿಯೇ ಇರುತ್ತೇವೆ. ರೋಗಿಗಳಿಗೆ ಇದು ಗೊತ್ತಿಲ್ಲದಿದ್ದರೆ ನನ್ನ ಮಾನಕ್ಕೇನೂ ಕುಂದಿಲ್ಲ. ಆದರೆ ನಮ್ಮನ್ನು ವೈದ್ಯರೆಂದೇ ಅರಿಯದವರು ಉಬ್ಬಸ, ಬೀಡಿ, ಅಲುಗುವ ಹಲ್ಲು, ರಕ್ತ ತೆಳುವಾಗಿಸುವ ಮಾತ್ರೆ, ಯಾವುದನ್ನೂ ನಮಗೆ ಹೇಳುವುದಿಲ್ಲ.

ಒಪ್ಪಿಗೆಯ ಮುಂಚೆ ರೋಗಿಗೆ ಸಾಕಷ್ಟು ಮಾಹಿತಿ ಕೊಡಬೇಕೆಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ. ಆಪರೇಷನ್ ಥಿಯೇಟರ್ ಬಾಗಿಲಲ್ಲಿ, ಇಂಗ್ಲಿಷ್ ಹಾಳೆಯ ಮೇಲೆ, ಗಾಬರಿಯಲ್ಲಿ ಒತ್ತಿಸಿದ ಹೆಬ್ಬೆಟ್ಟು ಒಪ್ಪಿಗೆಯಾಗುವುದಾದರೂ ಹೇಗೆ?

ಸರ್ಕಾರಿ ಆಸ್ಪತ್ರೆಗಳಲ್ಲೆಲ್ಲ ಅರಿವಳಿಕೆಗೆಂದೇ ತಿಳಿಗನ್ನಡದ ಪ್ರತ್ಯೇಕ ಒಪ್ಪಿಗೆ ಪತ್ರ ಬರಲಿ. ತುರ್ತು ಅಲ್ಲದ ಆಪರೇಷನ್ನುಗಳಿಗೆ ಹಿಂದಿನ ದಿನವೇ ರೋಗಿ ಅರಿವಳಿಕೆ ವೈದ್ಯರೊಡನೆ ಕೂತು ಮಾತಾಡುವ ಸಮಯ ಗೊತ್ತುಮಾಡಿ. ಒಬ್ಬರೇ ತಜ್ಞರು ಹಗಲು ರಾತ್ರಿ ದುಡಿಯುವ ತಾಲ್ಲೂಕು ಆಸ್ಪತ್ರೆಯಲ್ಲಿ ಬರೀ ಆದೇಶದಿಂದ ಇದು ಆಗದು. ಅಲ್ಲಿಗೆ ಇನ್ನೊಂದು ಹುದ್ದೆ ಕೊಟ್ಟು, ಅದನ್ನು ಖಾಲಿ ಬಿಡದೆ ತುಂಬಬೇಕು. ಗರ್ಭಿಣಿಯರ ಮನೆಬಾಗಿಲಿಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಈ ವಿಷಯ ತಿಳಿಸಿಕೊಡಲು ನಾನು ಸಿದ್ಧಳಿದ್ದೇನೆ, ತರಬೇತಿಯಲ್ಲಿ ಒಂದು ಗಂಟೆ ಕೊಡಿಸಿ.

ಇತಿ,
ಸರ್ಕಾರಿ ಆಸ್ಪತ್ರೆಯ ಅರಿವಳಿಕೆ ವೈದ್ಯೆ