ಉಸ್ತಾದರು ‘ಸಾಕು’ ಅಂದರೆ ಬೇಜಾರು ಮಾಡಬೇಡಿ

ಕಳೆದ ವರ್ಷ ಒಂದು ದಿನ ಮಗ್ರಿಬ್ ನಂತರದ ತರಗತಿಯಲ್ಲಿ ಊಟದ ಅದಬ್ ಪಾಠ ಮಾಡ್ತಾ ಇದ್ದೆ. ಹೊಟ್ಟೆಯನ್ನು ಮೂರು ಪಾಲು ಮಾಡಿ ಊಟಕ್ಕೆ, ನೀರಿಗೆ, ಉಸಿರಿಗೆ ಒಂದೊಂದು ಪಾಲು ಇಡಬೇಕು ಎಂಬ ಹದೀಸಿನ ಅರ್ಥ ವಿವರಿಸಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. “ಹಜ್ರತ್, ನಿಮ್ಮ ಹೊಟ್ಟೇಲಿ ಒಂದು ಪಾಲು ಅಂದ್ರೆ ಎಷ್ಟಾಗುತ್ತೆ?” ಅಂತ ಕೇಳಿದ. ತರಗತಿ ಇಡೀ ನಕ್ಕಿತು. ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಕರಾವಳಿಯವನು. ಹದಿನಾಲ್ಕು ವರ್ಷಗಳಿಂದ ಚಳ್ಳಕೆರೆಯಲ್ಲಿ ಮಕ್ಕಳಿಗೆ ಓದಿಸ್ತಾ ಇದ್ದೇನೆ. ಗುರುವಾರ ಮಾತ್ರ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋಗಿ ಅಲ್ಲೂ ಪಾಠ ಮಾಡಿ ಬರುತ್ತೇನೆ. ಇಲ್ಲಿಯ ಉರ್ದು ಮಾತಾಡುವ ಮನೆಗಳಲ್ಲಿ ನಾನು ‘ಹಜ್ರತ್’. ವ್ಯಾಪಾರಕ್ಕೆಂದು ಬಂದು ನೆಲೆಸಿದ ನಮ್ಮ ಬ್ಯಾರಿ ಮನೆಗಳಲ್ಲಿ ‘ಉಸ್ತಾದ್’. ಹೆಸರು ಯಾವುದಾದರೂ ತಟ್ಟೆ ತುಂಬುವ ಪ್ರೀತಿ ಒಂದೇ.

ಇಲ್ಲಿಗೆ ಬಂದಾಗ ನಾನು 68 ಕಿಲೋ ಇದ್ದೆ. ಕಳೆದ ವರ್ಷ 91 ಆಗಿದ್ದೆ. ಡಾಕ್ಟರು ಟೇಪು ಹಿಡಿದು ಸೊಂಟ ಅಳೆದರು: 108 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಿದರೆ ಅಪಾಯ ಅಂದರು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಆದರೆ ಕಾಯಿಲೆಯೇ. ನನ್ನ ಉಪ್ಪ ಇದೇ ಕಾಯಿಲೆಯಲ್ಲಿ ಒಂದು ಕಾಲು ಕಳಕೊಂಡವರು. ಕೊನೆಯ ವರ್ಷಗಳಲ್ಲಿ ಕುರ್ಚಿಯಲ್ಲಿ ಕೂತು ನಮಾಜ್ ಮಾಡುತ್ತಿದ್ದ ಅವರನ್ನು ನೋಡಿ ಬೆಳೆದ ನನಗೆ ಆ 6.2 ಬರೀ ಅಂಕಿ ಆಗಿರಲಿಲ್ಲ.

ಇದು ನನ್ನೊಬ್ಬನ ಕಥೆಯೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅದು ಹೇಳಿತು. ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಊಟಕ್ಕೆ ಮೊದಲು ಮಾತ್ರೆ ಹುಡುಕುತ್ತಾರೆ ಅಂತ ನೀವೇ ಎಣಿಸಿ ನೋಡಿ.

ತೂಕ ಇಳಿಸಬೇಕು ಅಂದವರಿಗೆ ಎಲ್ಲರೂ ‘ಬಾಯಿಗೆ ಬೀಗ ಹಾಕಿ’ ಅನ್ನುತ್ತಾರೆ. ಮನೆಯಲ್ಲಿ ಹಾಕಬಹುದು. ಕೆಲಸದ ಜಾಗದಲ್ಲಿ ಹೇಗೆ? ಬೇಕರಿಯಲ್ಲಿ ನಿಲ್ಲುವ ನಮ್ಮ ಹುಡುಗರಿಗೆ ಇಡೀ ದಿನ ಕಣ್ಣೆದುರು ಪಫ್ಸ್. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು ಬೆಳಗಿನಿಂದ ಸಂಜೆವರೆಗೆ ಮಗ್ಗದ ಮುಂದೆ ಕೂತವರು ಕೂತೇ ಇರುತ್ತಾರೆ. ಮಧ್ಯೆ ಎದ್ದು ಹೋಗುವುದು ಚಹಾಕ್ಕೆ ಮಾತ್ರ. ಚಳ್ಳಕೆರೆ ಅಂದರೆ ಎಣ್ಣೆ ಮಿಲ್ಲುಗಳ ಊರು. ಶೇಂಗಾ ಇಲ್ಲಿ ತಿಂಡಿ ಅಲ್ಲ, ಮಾತಿನ ಜೊತೆಗಾರ. ಯಾರ ಅಂಗಡಿಗೆ ಹೋದರೂ ಒಂದು ಹಿಡಿ ಮುಂದೆ ಬರುತ್ತದೆ. ಶೇಂಗಾ ಒಳ್ಳೆಯ ಆಹಾರವೇ. ಆದರೆ 100 ಗ್ರಾಮಿನಲ್ಲಿ 550ಕ್ಕೂ ಹೆಚ್ಚು ಕ್ಯಾಲೊರಿ ಉಂಟು. ಮಾತಾಡ್ತಾ ತಿಂದದ್ದಕ್ಕೆ ಲೆಕ್ಕ ಇಡುವವರು ಯಾರು? ಅಸರ್ ಕಳೆದು ಹೊರಗೆ ಬಂದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಪರಿಮಳ.

ಉಸ್ತಾದನ ಕೆಲಸದಲ್ಲಂತೂ ತಿನ್ನುವುದು ಕೆಲಸದ ಒಂದು ಭಾಗವೇ ಆಗಿಬಿಟ್ಟಿದೆ. ಮೌಲೂದು, ಗೃಹಪ್ರವೇಶ, ಅಖೀಕ, ನಿಕಾಹ್, ಮಯ್ಯಿತ್ತಿನ ಮನೆಯ ದುಆ, ಎಲ್ಲದರ ಕೊನೆಗೂ ತಟ್ಟೆ. ಒಂದು ಮನೆಯಲ್ಲಿ ನೈಚೋರು, ಇನ್ನೊಂದರಲ್ಲಿ ಬಿರಿಯಾನಿ. ಮಗು ಒಂದು ಜುಝ್ ಮುಗಿಸಿದರೆ ಸ್ವೀಟ್ ಬಾಕ್ಸ್. ಚಹಾ ಮಾತ್ರ ಲೆಕ್ಕ ಹಾಕಿದೆ: ದಿನಕ್ಕೆ ಏಳು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಮಿನಂತೆ 70 ಗ್ರಾಮ್! ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ 2000 ಕ್ಯಾಲೊರಿ ತಿನ್ನುವವನಿಗೆ ಹೊರಗಿಂದ ಸೇರಿಸಿದ ಸಕ್ಕರೆ 50 ಗ್ರಾಮ್ ದಾಟಬಾರದು, 25ರೊಳಗೆ ನಿಂತರೆ ಇನ್ನೂ ಒಳ್ಳೆಯದು. ನಾನು ಲಾಡು ಮುಟ್ಟುವ ಮೊದಲೇ ಗಡಿ ದಾಟಿ ಆಗಿತ್ತು.

ಮೊದಲು ನಾನು ಗಟ್ಟಿಯಾಗಿ ‘ಬೇಡ’ ಅನ್ನಲು ಶುರು ಮಾಡಿದೆ. ಅದೊಂದು ದೊಡ್ಡ ತಪ್ಪಾಯಿತು. ಹಮಾಲಿ ಕೆಲಸದವರ ಮನೆಯ ಹುಡುಗಿಯೊಬ್ಬಳು ಕುರ್‌ಆನ್ ಓದಿ ಮುಗಿಸಿದ ದಿನ ಕಾಲು ಕಿಲೋ ಲಾಡು ತಂದಳು. “ನನಗೆ ಶುಗರ್ ಮಗಾ, ವಾಪಸ್ ತಗೊಂಡು ಹೋಗು” ಅಂದೆ. ಡಬ್ಬ ಮುಚ್ಚಿ ಸುಮ್ಮನೆ ಹೋಗಿ ಕೂತಳು. ಮರುದಿನ ಅವಳ ತಾಯಿ ಬಾಗಿಲ ಹೊರಗೆ ನಿಂತು, “ಹಜ್ರತ್, ನಮ್ಮ ಮನೇದು ಅಂತ ತಿನ್ಲಿಲ್ವಾ?” ಅಂತ ಕೇಳಿದರು. ಹದಿನಾಲ್ಕು ವರ್ಷದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ನಾನು ಸಕ್ಕರೆಗೆ ಬೇಡ ಅಂದಿದ್ದೆ. ಆ ತಾಯಿಗೆ ಕೇಳಿಸಿದ್ದು ‘ನೀವು ಬಡವರು’ ಅಂತ.

ಆಗ ಕಿತಾಬು ತೆರೆದು ಮತ್ತೆ ಓದಿದೆ. ನಾವು ಮಕ್ಕಳಿಗೆ ಕಲಿಸುವುದರಲ್ಲೇ ಉತ್ತರ ಇತ್ತು. ಆಮಂತ್ರಣ ಬಂದರೆ ಹೋಗಬೇಕು, ಹೋದ ಮೇಲೆ ತಿನ್ನುವುದು ಬಿಡುವುದು ಅವನ ಇಷ್ಟ ಎಂಬ ಅರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಅಂದರೆ ಹಕ್ಕು ಇರುವುದು ನಮ್ಮ ಹಾಜರಿಗೆ, ಖಾಲಿಯಾದ ತಟ್ಟೆಗೆ ಅಲ್ಲ. ಪ್ರವಾದಿಯವರು (ಸ) ಯಾವ ಊಟಕ್ಕೂ ಹೆಸರಿಡುತ್ತಿರಲಿಲ್ಲ, ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲದಿದ್ದರೆ ಸುಮ್ಮನೆ ಬಿಡುತ್ತಿದ್ದರು. ಇದರಲ್ಲಿ ಎರಡು ಪಾಠ ಉಂಟು. ಬಿಡುವವನು ಊಟವನ್ನೂ ಮನೆಯವರನ್ನೂ ನೋಯಿಸಬಾರದು. ಬಡಿಸುವವರು ಒತ್ತಾಯದಿಂದ ಪ್ರೀತಿ ಅಳೆಯಬಾರದು.

ಈಗ ನಾನು ಮಾಡುವುದು ಇಷ್ಟು. ಮಗು ತಂದ ಡಬ್ಬ ಎರಡೂ ಕೈಯಿಂದ ತಗೊಂಡು ದುಆ ಮಾಡುತ್ತೇನೆ. ಒಂದು ಚಿಟಿಕೆ ಬಾಯಿಗೆ ಹಾಕಿ, ಉಳಿದದ್ದನ್ನು ಅದೇ ಮಗುವಿನ ಕೈಯಿಂದ ತರಗತಿಗೆ ಹಂಚಿಸುತ್ತೇನೆ. ಡಬ್ಬ ನನ್ನ ಮೇಜಿನ ಮೇಲೆ ಉಳಿಯುವುದಿಲ್ಲ. ಕಣ್ಣೆದುರು ಇದ್ದರೆ ಕೈ ಹೋಗಿಯೇ ಹೋಗುತ್ತದೆ, ನಫ್ಸಿನ ಜೊತೆ ಗಂಟೆಗೊಮ್ಮೆ ಕುಸ್ತಿ ಹಿಡಿಯುವ ಶಕ್ತಿ ನನಗಿಲ್ಲ. ಊಟಕ್ಕೆ ಕರೆದ ಮನೆಗೆ ಹಿಂದಿನ ದಿನವೇ ಫೋನ್ ಮಾಡಿ, “ನನಗೆ ಅರ್ಧ ತಟ್ಟೆ, ಚಹಾಕ್ಕೆ ಸಕ್ಕರೆ ಬೇಡ” ಅಂತ ಹೇಳಿಬಿಡುತ್ತೇನೆ. ಹಸಿದು ಹೋಗುವುದಿಲ್ಲ, ಮೊದಲೇ ಒಂದು ಸೌತೆಕಾಯಿ ತಿಂದಿರುತ್ತೇನೆ. ಮಧ್ಯಾಹ್ನಕ್ಕೆ ಇಲ್ಲಿಯವರ ಹಾಗೆ ಒಂದು ಸಣ್ಣ ರಾಗಿಮುದ್ದೆ, ಸೊಪ್ಪಿನ ಸಾರು. ಗುರುವಾರ ಬಸ್ಸಿಗೆ ಕಾಯುವಾಗ ಹೋಟೆಲಿನ ಎದುರು ನಿಲ್ಲದೆ ಆಚೆ ಈಚೆ ನಡೆಯುತ್ತೇನೆ.

ಸುನ್ನತ್ ಉಪವಾಸ ಹಿಡಿದರೆ ತೂಕ ಇಳಿಯುತ್ತದೆ ಅಂತಲೂ ನೋಡಿದೆ. ಹಗಲು ಬಿಟ್ಟದ್ದನ್ನೆಲ್ಲ ಮಗ್ರಿಬ್‌ಗೆ ತಿಂದರೆ ಎಂತ ಪ್ರಯೋಜನ? ಉಪವಾಸ ಇಬಾದತ್, ಅದನ್ನು ತಕ್ಕಡಿಗೆ ಕಟ್ಟುವುದು ಬೇಡ. ಸಕ್ಕರೆಗೆ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಹಿಡಿಯಲೂ ಬಾರದು.

ಎಂಟು ತಿಂಗಳಲ್ಲಿ 91ರಿಂದ 85ಕ್ಕೆ ಬಂದಿದ್ದೇನೆ. ಮಧ್ಯೆ ಊರಿಗೆ ಹೋಗಿ ಒಂದೇ ವಾರದಲ್ಲಿ ಎರಡು ಕಿಲೋ ವಾಪಸ್ ತಂದದ್ದೂ ಉಂಟು. ಉಮ್ಮ ಮಾಡಿದ ಪತ್ತಿರ್, ಕೋಳಿ ಸಾರಿನ ಎದುರು ನನ್ನ ಯಾವ ನಿಯಮವೂ ನಿಲ್ಲಲಿಲ್ಲ. ಮೊನ್ನೆ ಪರೀಕ್ಷೆ ಮಾಡಿಸಿದಾಗ 5.9 ಬಂತು. ಅಲ್‌ಹಮ್ದುಲಿಲ್ಲಾಹ್.

ಓದುವ ಉಮ್ಮಂದಿರಲ್ಲಿ, ಸಹೋದರರಲ್ಲಿ ನನ್ನ ವಿನಂತಿ ಇಷ್ಟೇ. ಉಸ್ತಾದರಿಗೆ, ಅಳಿಯನಿಗೆ, ನೆಂಟರಿಗೆ ಒಮ್ಮೆ ಕೇಳಿ, ಬೇಕಾದರೆ ಎರಡನೇ ಸಲವೂ ಕೇಳಿ. ‘ಸಾಕು’ ಅಂದ ಮೇಲೆ ಸೌಟು ಕೆಳಗಿಡಿ. “ನಮ್ಮ ಮನೆಯದು ಇಷ್ಟ ಆಗಲಿಲ್ಲವಾ?” ಅನ್ನುವ ಮಾತು ಬಿಟ್ಟುಬಿಡಿ, ಎಷ್ಟೋ ಮಂದಿ ಹೊಟ್ಟೆಗಾಗಿ ಅಲ್ಲ, ಆ ಮಾತಿಗೆ ಹೆದರಿ ತಿನ್ನುತ್ತಾರೆ. ಜುಝ್ ಮುಗಿಸಿದ ಖುಷಿಗೆ ಸ್ವೀಟೇ ಆಗಬೇಕೆಂದಿಲ್ಲ, ತರಗತಿಗೆ ಒಂದೊಂದು ಪೆನ್ಸಿಲ್ ಕೊಟ್ಟರೂ ಮಕ್ಕಳು ಕುಣಿಯುತ್ತಾರೆ. ಅಂಗಡಿ ನಡೆಸುವವರು ಕೆಲಸದ ಹುಡುಗರಿಗೆ ಉಳಿದ ಬೇಕರಿ ತಿಂಡಿಯನ್ನೇ ಊಟ ಮಾಡಬೇಡಿ, ಅನ್ನ ಸಾರು ಕೊಡಿ.

ಆ ಹುಡುಗಿಯ ತಂಗಿ ಈಗ ನಮ್ಮಲ್ಲಿ ಓದುತ್ತಾಳೆ. ಮೊನ್ನೆ ಅವಳೂ ಒಂದು ಜುಝ್ ಮುಗಿಸಿದಳು. ತಾಯಿ ಕಳಿಸಿದ್ದು ಲಾಡು ಅಲ್ಲ, ಹೊಲದಿಂದ ತಂದ ಹತ್ತು ಎಳೆ ಸೌತೆಕಾಯಿ. ಎಲ್ಲರೂ ಹಂಚಿ ತಿಂದೆವು. ನಾನು ಎರಡು ತಿಂದೆ, ಮೂರನೆಯದನ್ನೂ ಕೇಳಿ ತಗೊಂಡೆ.