ವಾರಿಂಗ್ಟನ್ ಪುರಭವನದ ಅಡಿಪಾಯ

ವಾರಿಂಗ್ಟನ್ ಪುರಭವನಕ್ಕೆ ಹೋದವರೆಲ್ಲ ಚಿನ್ನದ ಬಣ್ಣದ ಗೇಟಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ತಪ್ಪೇನಿಲ್ಲ, 1862ರ ಲಂಡನ್ ಪ್ರದರ್ಶನದಲ್ಲಿ ಕೋಲ್‌ಬ್ರೂಕ್‌ಡೇಲ್‌ನವರು ಇಟ್ಟಿದ್ದ ಎರಕದ ಗೇಟು ಅದು, 1895ರಲ್ಲಿ ಇಲ್ಲಿ ನಿಂತಿತು. ಆದರೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಗೇಟಿನಲ್ಲೇ ನಿಲ್ಲಬಾರದು ಎಂಬುದು ನನ್ನ ಅಭಿಪ್ರಾಯ.

ಆ ಕಟ್ಟಡ ಮೊದಲು ಥಾಮಸ್ ಪ್ಯಾಟನ್ ಎಂಬ ತಾಮ್ರದ ಉದ್ಯಮಿಯ ಮನೆ, ಹೆಸರು ಬ್ಯಾಂಕ್ ಹಾಲ್. 1750ರಲ್ಲಿ ಕಟ್ಟಿಸಿದ್ದು, ನಕ್ಷೆ ಜೇಮ್ಸ್ ಗಿಬ್ಸ್‌ನದು. ಅಡಿಪಾಯಕ್ಕೆ ಹಾಕಿದ್ದು ತಾಮ್ರ ಕರಗಿಸಿದ ಮೇಲೆ ಉಳಿಯುವ ಕಿಟ್ಟವನ್ನು ಅಚ್ಚಿಗೆ ಹೊಯ್ದು ಮಾಡಿದ ಇಟ್ಟಿಗೆ. ಆ ಉದ್ಯಮದ ತಾಮ್ರದ ಸರಕು ಆಫ್ರಿಕಾದ ಗುಲಾಮರ ವ್ಯಾಪಾರಕ್ಕೂ ಹೋಗುತ್ತಿತ್ತು.

1872ರಲ್ಲಿ ಊರು ಈ ಮನೆಯನ್ನು ಕೊಂಡು ಪುರಭವನ ಮಾಡಿಕೊಂಡಿತು; ಒಡೆಯರ ತೋಟ ಎಲ್ಲರ ಉದ್ಯಾನವಾಯಿತು. ಹೋಟೆಲೋ ಫ್ಲಾಟುಗಳೋ ಆಗಿದ್ದರೆ (ಎಷ್ಟೋ ಬಂಗಲೆಗಳ ಗತಿ ಅದೇ) ನಾವು ಬೇಲಿಯಾಚೆಯಿಂದಲೇ ನೋಡಬೇಕಿತ್ತು. ಅಂದಿನವರು ಮಾಡಿದ್ದು ಸರಿ. ಆದರೆ ಮನೆ ಊರಿನದಾದ ಮೇಲೆ, ಅದನ್ನು ಕಟ್ಟಿದ ದುಡ್ಡು ಎಲ್ಲಿಂದ ಬಂತೆಂಬ ಲೆಕ್ಕವೂ ಊರಿನದೇ. ನಮ್ಮ ದೊಡ್ಡ ತರಗತಿಯ ಮಕ್ಕಳಿಗೆ ಇದು ಖಂಡಿತ ಅರ್ಥವಾಗುತ್ತದೆ. ಬೇಸಿಗೆಯ ಪ್ರವಾಸಕ್ಕೆ ಅಲ್ಲಿಗೆ ಹೋದರೆ ಫೋಟೊ ಆಮೇಲೆ ಇರಲಿ, ಮೊದಲು ಕಿಟ್ಟದ ಕಥೆ ಹೇಳೋಣ.